ಟವಲಿನ ಕೆಳಗಿನ ಮಾತು

ನಮ್ಮಪ್ಪ ದನದ ದಲ್ಲಾಳಿ. ತಿಪಟೂರಿನ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಪ್ಪ ಹೆಗಲ ಮೇಲಿನ ಟವಲು ತೆಗೆದು ಕೈ ಮೇಲೆ ಹೊದಿಸುತ್ತಿದ್ದ. ಅದರಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದ. ಮನೆಗೆ ಬಂದಮೇಲೆ ನಾನು ಎಷ್ಟು ಪೀಡಿಸಿದರೂ ಯಾರು ಎಷ್ಟು ಹೇಳಿದರೆಂದು ಹೇಳುತ್ತಿರಲಿಲ್ಲ. "ಟವಲ್ ಕೆಳಗಿನ ಮಾತು ಟವಲ್ ಕೆಳಗೇ ಇರ್ಬೇಕು ಕಣವ್ವ" ಎನ್ನುತ್ತಿದ್ದ. ಓದಿದವರ ಗುಟ್ಟೂ ಇಷ್ಟೇ ಗಟ್ಟಿ ಇರುತ್ತದೆಂದು ನಾನು ನಂಬಿಕೊಂಡಿದ್ದೆ.

ಗಂಡ ಬಿಟ್ಟು ಹೋದ ಮೇಲೆ ತುರುವೇಕೆರೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಮಹಡಿಯ ಕೋಣೆಯಲ್ಲಿ ಟೈಪಿಂಗ್ ಕಲಿಸಿ ಬದುಕುತ್ತಿದ್ದೆ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಟೈಪ್‌ರೈಟರ್ ಕೇಳುವವರೇ ಇಲ್ಲವಾಯಿತು. ಅವನ್ನೆಲ್ಲ ಗುಜರಿಗೆ ಹಾಕಿ ಕಂಪ್ಯೂಟರ್ ತಂದೆ. ಬೆಳಿಗ್ಗೆ ಸಂಜೆ ಹುಡುಗಿಯರಿಗೆ ಪಾಠ. ಮಧ್ಯಾಹ್ನ ಪ್ಲೈವುಡ್ ಅಡ್ಡ ಹಾಕಿದ ಕ್ಯಾಬಿನ್‌ಗಳಲ್ಲಿ ಇಂಟರ್‌ನೆಟ್.

ಮಧ್ಯಾಹ್ನ ಬರುತ್ತಿದ್ದವರೆಲ್ಲ ದೊಡ್ಡ ಮನುಷ್ಯರು. ಕೊಬ್ಬರಿ ವರ್ತಕರು, ಮೇಷ್ಟ್ರುಗಳು, ಆಫೀಸಿನವರು. ಎಲ್ಲರೂ ಮೇಲ್ ನೋಡಲು ಬಂದವರೇ. ಮೇಲ್ ನೋಡಿ ಎದ್ದವನ ಕಿವಿ ಯಾಕೆ ಕೆಂಪಾಗಬೇಕೋ! ಅವರು ನೋಡಿದ್ದರ ಗುರುತೆಲ್ಲ ಕಂಪ್ಯೂಟರಿನಲ್ಲಿ ಉಳಿಯುತ್ತದೆಂಬುದೂ ಆ ಮಹಾಶಯರಿಗೆ ಗೊತ್ತಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು. ಸಂಜೆ ಹುಡುಗಿಯರು ಬರುವ ಮೊದಲು ಅದನ್ನೆಲ್ಲ ಅಳಿಸುವುದು ನನ್ನ ಕೆಲಸವಾಗಿತ್ತು.

ಕಟ್ಟಡದ ಮಾಲೀಕನೂ ಕೊಬ್ಬರಿ ವರ್ತಕನೇ. ಊಟ ಮುಗಿಸಿ ಬಂದು ಕೊನೆಯ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದ. ಮರೆತಿದ್ದ ಕನ್ನಡಕಕ್ಕೆಂದು ಒಮ್ಮೆ ವಾಪಸು ಬಂದಾಗ ನಾನು ಅವನ ಕಂಪ್ಯೂಟರಿನ ಮುಂದೆ ಕೂತಿದ್ದೆ.

"ಅದೇನಮ್ಮ ಮಾಡ್ತಿದ್ದೀಯ?"

"ನೀವು ನೋಡಿದ್ದನ್ನ ಅಳಿಸ್ತಿದೀನಿ, ಯಜಮಾನ್ರೆ."

ಅವನ ಮುಖ ಕಪ್ಪಿಟ್ಟಿತು. ಸ್ವಲ್ಪ ಹೊತ್ತಿಗೆ ಹಲ್ಲು ಕಿರಿದು, "ನೀನು ದಲ್ಲಾಳಿ ಮಗಳು ಕಣಮ್ಮ. ನಂಗೇನು ಭಯ ಬುಡು" ಎಂದು ಕನ್ನಡಕ ತೆಗೆದುಕೊಂಡು ಹೋದ. ನನಗೆ ಅದು ಹೊಗಳಿಕೆಯಾಗಿಯೇ ಕೇಳಿಸಿತು.

ಆ ವರ್ಷ ಯೂನಿವರ್ಸಿಟಿಯಿಂದ ಒಬ್ಬಳು ಸಂಶೋಧಕಿ ಬಂದಳು. ಸಣ್ಣ ಊರುಗಳಲ್ಲಿ ವಯಸ್ಕರು ಕಾಮದ ವಿಷಯಕ್ಕೆ ಇಂಟರ್‌ನೆಟ್ಟನ್ನು ಹೇಗೆ ಬಳಸುತ್ತಾರೆ ಎಂಬುದು ಅವಳ ಪಿಎಚ್‌ಡಿ. ಗಿರಾಕಿಗಳನ್ನು ಕೇಳಿದಳು, ಎಲ್ಲರೂ ಮೇಲ್ ನೋಡುವವರಾದರು. ಒಬ್ಬ ಮೇಷ್ಟ್ರಂತೂ ನಮ್ಮ ಸಂಸ್ಕೃತಿಯ ಬಗ್ಗೆ ಅವಳಿಗೇ ಪಾಠ ಮಾಡಿ ಕಳಿಸಿದರು. ಪಾಪ, ಹುಡುಗಿ ಅಳುವ ಹಾಗಾದಳು. "ನಿಮಗಾದ್ರೂ ಗೊತ್ತಿರುತ್ತಲ್ಲ ಮೇಡಂ, ಯಾರು ಏನು ನೋಡ್ತಾರೆ ಹೇಳಿ" ಎಂದು ನನ್ನ ಬೆನ್ನು ಹತ್ತಿದಳು.

"ಇನ್ನೊಬ್ಬರದ್ದು ನಾನು ಹೇಳಲ್ಲ. ಬೇಕಾದ್ರೆ ನನ್ನದು ಕೇಳಿ" ಎಂದೆ.

"ಹೆಸರು ಹಾಕಲ್ಲ. ನಿಮ್ಮ ಗುರುತು ಯಾರಿಗೂ ಸಿಗಲ್ಲ" ಎಂದಳು.

ಹೇಳಿದೆ. ಅಪ್ಪನ ಕಸುಬು, ಗಂಡ ಬಿಟ್ಟು ಹೋದದ್ದು, ಎಲ್ಲ. ಬಾಗಿಲು ಹಾಕಿ ಮನೆಗೆ ಹೊರಡುವ ಮುಂಚೆ ದೂರದ ಊರಿನ ಒಬ್ಬ ಗಂಡಸಿನ ಜೊತೆ ಚಾಟ್ ಮಾಡುತ್ತಿದ್ದೆ. ಅವನ ಮುಖ ನೋಡಿದವಳಲ್ಲ. ಮೊದಮೊದಲು ಅಡುಗೆ, ಮಳೆ, ಹಲ್ಲುನೋವು ಇಂಥವೇ ಮಾತು. ಆಮೇಲೆ ನನಗೇನು ಬೇಕು, ಮೈ ಎಲ್ಲಿ ಸ್ಪರ್ಶ ಕೇಳುತ್ತದೆ ಎಂದು ಅವನು ಕೇಳತೊಡಗಿದ. ಸಂಸಾರ ಮಾಡಿದಷ್ಟು ವರ್ಷವೂ ಗಂಡ ಕೇಳದಿದ್ದ ಪ್ರಶ್ನೆ ಅದು. ಉತ್ತರ ಟೈಪು ಮಾಡುವಾಗ, ನಲವತ್ತು ದಾಟಿದ, ಟೈಪಿಂಗ್ ಕಲಿಸುವ ನಾನೇ ಅಕ್ಷರ ತಪ್ಪುತ್ತಿದ್ದೆ. ನನಗೆ ಸುಖವಾಗುತ್ತಿತ್ತು. ಇದನ್ನೂ ಅವಳಿಗೆ ಹೇಳಿದೆ. ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ.

ಕೆಲವು ತಿಂಗಳ ನಂತರ ಪಕ್ಕದ ಅಂಗಡಿಯ ಟೈಲರ್ ಭಾಯ್ ಪೇಪರು ಮಡಿಸಿ ಹಿಡಿದು ಬಂದ. "ಅಕ್ಕಾ, ಒಳಗೋಗಿ ಓದಿ" ಎಂದಷ್ಟೇ ಹೇಳಿ, ನನ್ನ ಮುಖ ನೋಡದೆ ಹೊರಟುಹೋದ. ಅದರಲ್ಲಿ ಸಂಶೋಧಕಿಯ ಲೇಖನ ಬಂದಿತ್ತು. ಊರಿನ ಗಂಡಸರೆಲ್ಲ ಅದರಲ್ಲಿ 'ಬಹುತೇಕ ಪುರುಷರು' ಎಂಬ ಎರಡು ಪದದಲ್ಲಿ ತಣ್ಣಗೆ ಕೂತಿದ್ದರು. ನನಗೆ ಮಾತ್ರ ಅರ್ಧ ಪುಟ. 'ಕೊಬ್ಬರಿಗೆ ಹೆಸರಾದ ಸೀಮೆಯ ಪುಟ್ಟ ಊರು. ಟೈಪಿಂಗ್ ಶಾಲೆಯನ್ನು ಇಂಟರ್‌ನೆಟ್ ಕೇಂದ್ರವಾಗಿಸಿದ, ಗಂಡನಿಂದ ದೂರವಾದ, ದನದ ದಲ್ಲಾಳಿಯ ಮಗಳು.' ಕೆಳಗೆ ಕಂಸದಲ್ಲಿ, 'ಹೆಸರು ಬದಲಿಸಲಾಗಿದೆ'. ಎಂಥ ಉಪಕಾರ! ತುರುವೇಕೆರೆಯಲ್ಲಿ ಹಾಗಿರುವವಳು ನಾನೊಬ್ಬಳೇ. ಅಪ್ಪನನ್ನೂ ಬಿಟ್ಟಿರಲಿಲ್ಲ. ಅವನು ಬದುಕಿರಲಿಲ್ಲ, ಸದ್ಯ.

ಮಾರನೆಯ ದಿನದಿಂದಲೇ ಹುಡುಗಿಯರು ಬರುವುದು ಕಡಿಮೆಯಾಯಿತು. ದಬ್ಬೇಘಟ್ಟದಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯ ತಂದೆ ಮೆಟ್ಟಿಲ ಕೆಳಗೇ ನಿಂತು, "ನಮ್ಮುಡ್ಗಿ ಇನ್ಮೇಲೆ ಬರಲ್ಲ ಕಣ್ರೀ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದ. ಆ ಸಂಜೆಯಿಂದ ನಾನು ಚಾಟ್ ತೆರೆಯಲಿಲ್ಲ. ದೂರದವನು ಏನೆಂದುಕೊಂಡನೋ, ಇಂದಿಗೂ ತಿಳಿಯದು.

ಆ ವಾರವೇ ಮಾಲೀಕ ಬಂದ. ಹಿಂದೆ ನಾಲ್ಕಾರು ಜನ. ಸಂಸ್ಕೃತಿಯ ಮೇಷ್ಟ್ರೂ ಇದ್ದರು. ನನ್ನ ಅನ್ನ ಆ ಕೋಣೆಯಲ್ಲಿತ್ತು. ಅದು ಅವನಿಗೂ ಗೊತ್ತಿತ್ತು.

"ಬೇರೆ ಕಡೆ ನೋಡ್ಕೊಳಮ್ಮ. ನಮ್ಮನೇಲೂ ಹೆಣ್ಮಕ್ಳವ್ರೆ. ಮರ್ಯಾದಸ್ಥರು ಓಡಾಡೋ ಜಾಗ ಇದು."

ಒಂದು ಮಾತು ಸಾಕಿತ್ತು. ಕೊನೆಯ ಕ್ಯಾಬಿನ್ನಿನ ಕಡೆ ಬೆರಳು ತೋರಿಸಿದ್ದರೂ ಸಾಕಿತ್ತು. ಅವನ ಕಣ್ಣನ್ನೇ ನೋಡಿದೆ. ಅಲ್ಲಿ ಅಳುಕಿನ ಸುಳಿವಾದರೂ ಇದ್ದಿದ್ದರೆ ಬಾಯಿಬಿಡುತ್ತಿದ್ದೆನೋ ಏನೋ. ಇರಲಿಲ್ಲ. ನಾನು ಹೇಳುವವಳಲ್ಲ ಎಂದು ಈ ಊರಿನಲ್ಲಿ ನನ್ನನ್ನು ಪೂರ್ತಿ ನಂಬಿದ್ದವನು ಅವನೊಬ್ಬನೇ. ಆ ನಂಬಿಕೆಯ ಮೇಲೇ ಕಾಲೂರಿ ನಿಂತು ನನ್ನನ್ನು ಹೊರಗೆ ಹಾಕಿದ.

ಕಂಪ್ಯೂಟರುಗಳನ್ನು ಬಂದ ಬೆಲೆಗೆ ಮಾರಿದೆ. ಕೊಡುವ ಮುನ್ನ ಒಂದೊಂದನ್ನೇ ತೆರೆದು ನೋಡಿದೆ. ಸಂಜೆಯ ಪಾಠ ನಿಂತ ಮೇಲೆ ಅಳಿಸುವುದನ್ನೂ ಬಿಟ್ಟಿದ್ದೆ. ಕೊನೆಯ ಕ್ಯಾಬಿನ್ನಿನದರಲ್ಲಿ ಮಾಲೀಕ ಹಿಂದಿನ ವಾರ ನೋಡಿದ್ದೆಲ್ಲ ಹಾಗೇ ಇತ್ತು. ಹಲ್ಲು ಕಚ್ಚಿಕೊಂಡು ಅದನ್ನೂ ಅಳಿಸಿದೆ.