ಮಾರ್ಲಿಸಳ ಉಸಿರು

ಟ್ರೆಡ್‌ಮಿಲ್ ಮೇಲೆ ಓಡುತ್ತ ಹಾಡಬಾರದೆಂದು ಯಾವ ಜಿಮ್ಮಿನಲ್ಲೂ ಬೋರ್ಡು ಹಾಕಿರುವುದಿಲ್ಲ. ಮಂಗಳವಾರ ಬೆಳಿಗ್ಗೆ ವೆಂಡೆಲ್ ಕ್ರಾಟ್ಜ್ ಓಡುತ್ತಲೇ ಮೇಲಿನ ಸ್ವರಕ್ಕೆ ಕಣ್ಣು ಮುಚ್ಚಿದ. ತೆರೆಯುವಷ್ಟರಲ್ಲಿ ಯಂತ್ರ ಅವನನ್ನು ಹಿಂದಕ್ಕೆಸೆದು ಕುಡಿಯುವ ನೀರಿನ ನಲ್ಲಿಯ ಬುಡದಲ್ಲಿ ಕೂರಿಸಿತ್ತು. ಬಿದ್ದದ್ದಾದರೂ ಹೋಗಲಿ, ಎಬ್ಬಿಸಲು ಕೈ ಚಾಚಿದವಳು ಮಾರ್ಲಿಸ್ ಹುಕ್‌ಸ್ಟ್ರಾ. ಗಂಡ ಮನೆಯಲ್ಲಿ ಬಿಟ್ಟುಬಂದ ಕನ್ನಡಕ ಕೊಡಲು ಬಂದಿದ್ದಳು. ಜಿಮ್ಮಿಗೆ ಸೇರುವ ಅಗತ್ಯ ಅವಳಿಗೆಲ್ಲಿ?

“ಸ್ವರ ಮಾತ್ರ ಸರಿಯಾಗೇ ಹತ್ತಿತ್ತು ಕಣೋ,” ಎಂದಳು. “ನೀನು ಇಳಿದುಬಿಟ್ಟೆ, ಅಷ್ಟೆ.”

ಇಬ್ಬರ ಕೆಲಸವೂ ಪಶ್ಚಿಮ ಮಿಶಿಗನ್ನಿನ ಹೆದ್ದಾರಿ ಪಕ್ಕದ, ಹಿಂದೆ ದನದ ಕೊಟ್ಟಿಗೆಯಾಗಿದ್ದ ಊಟದ ನಾಟಕಶಾಲೆಯಲ್ಲಿ. ಅಲ್ಲಿ ನಟರೇ ಪ್ರೇಕ್ಷಕರಿಗೆ ಊಟ ಬಡಿಸುತ್ತಾರೆ. ತಟ್ಟೆ ಎತ್ತಿದ ಮೇಲೆ ಏಪ್ರನ್ ಬಿಚ್ಚಿ, ಲಾಳ ಹೊಡೆದ ಬೂಟು ಹಾಕಿಕೊಂಡು ರಂಗಕ್ಕೆ ಏರುತ್ತಾರೆ. ಈ ಸಲದ ಆಟದ ಕೊನೆಗೆ ರೈಲ್ವೆ ಕೂಲಿಗಳ ಕುಣಿತ. ಕೈಯಲ್ಲಿ ಸೂಟ್‌ಕೇಸು, ಕಾಲಲ್ಲಿ ಟಕಟಕ, ಬಾಯಲ್ಲಿ ಹಾಡು, ಹೀಗೆ ಪೂರಾ ಆರು ನಿಮಿಷ. ಮುಗಿಯುವಾಗ ಒಂದೇ ಸ್ವರವನ್ನು ಹನ್ನೆರಡು ಎಣಿಕೆ ಹಿಡಿಯಬೇಕು. ಮುಂದಿನ ಸಾಲಿನ ನಡುವೆ ನಿಲ್ಲುತ್ತಿದ್ದವರು ವೆಂಡೆಲ್ ಮತ್ತು ಮಾರ್ಲಿಸ್. ಈಗ ರಟ್ಟಿನ ರೈಲ್ವೆ ಎಂಜಿನ್ ಬಂದು ಅರ್ಧ ಜಾಗ ತಿಂದಿತ್ತು. ಶನಿವಾರ ಮಧ್ಯಾಹ್ನದ ಆಟ ನೋಡಿ ಒಬ್ಬರನ್ನಷ್ಟೇ ಮುಂದೆ ಉಳಿಸುವುದಾಗಿ ನಿರ್ದೇಶಕಿ ಡಾರ್ಲೀನ್ ಹೇಳಿಬಿಟ್ಟಿದ್ದಳು. ಯಾವ ನಾಟಕವಿರಲಿ, ಆ ಜಾಗ ಹನ್ನೊಂದು ವರ್ಷದಿಂದ ವೆಂಡೆಲನದು. ಅಲ್ಲಿನ ಹಲಗೆ ಅವನ ಹಿಮ್ಮಡಿಗೆ ಸವೆದಿತ್ತು.

ಮಾರ್ಲಿಸಳಿಗೆ ಐವತ್ತೇಳು, ಅವನಿಗಿಂತ ಎಂಟು ವರ್ಷ ದೊಡ್ಡವಳು. ಸೆಲರಿ ಸೊಪ್ಪು ಬೆಳೆಯುವ ಡಚ್ಚರ ಮನೆಯಲ್ಲಿ ಹುಟ್ಟಿದವಳು. ಅವರ ಚರ್ಚಿನಲ್ಲಿ ಹಾಡುವುದು ಪುಣ್ಯ, ಕುಣಿಯುವುದು ಪಾಪ. ನಲವತ್ತೆರಡು ವರ್ಷ ಪುಣ್ಯವನ್ನಷ್ಟೇ ಮಾಡಿ, ನಲವತ್ಮೂರನೆಯದರಲ್ಲಿ ಲೈಬ್ರರಿಯ ನೆಲಮಾಳಿಗೆಯ ಕುಣಿತದ ತರಗತಿಗೆ ಹೋಗಿ ಪಾಪ ಕಲಿತಳು. ಬೆಳಿಗ್ಗೆ ಶಾಲೆಯ ಹಳದಿ ಬಸ್ಸು ಓಡಿಸಿ, ಸಂಜೆ ಭುಜದ ಮೇಲೆ ಆರು ತಟ್ಟೆ ಹೊತ್ತು ತಿರುಗಿ, ಆಮೇಲೆ ಕುಣಿದು ಒಳಗೆ ಬಂದರೂ ಅವಳ ಹೆಗಲು ಅಲುಗುತ್ತಿರಲಿಲ್ಲ. ಗ್ರೇವಿಯ ಸೌಟು ಎಲ್ಲಿ ಎಂದು ಮಾಮೂಲಿ ದನಿಯಲ್ಲೇ ಕೇಳುತ್ತಿದ್ದಳು. ಅದೇ ಹೊತ್ತಿಗೆ ವೆಂಡೆಲ್ ಗೋಡೆಗೆ ಕೈಕೊಟ್ಟು ಜುಲೈ ತಿಂಗಳ ನಾಯಿಯ ಹಾಗೆ ಏದುಸಿರು ಬಿಡುತ್ತಿರುತ್ತಿದ್ದ. ಅವಳನ್ನು ನೋಡಿ ಕಲಿ ಎಂದು ಅಡುಗೆಯವರೂ ಹೇಳುತ್ತಿದ್ದರು. ಅವನು ನೋಡುತ್ತಿದ್ದ, ಕಲಿಯಲಂತೂ ಅಲ್ಲ.

ಉಸಿರು ಬೆಳೆಸಲು ಅವನು ಮಾಡದ ಕಸರತ್ತಿಲ್ಲ. ಚೀಸ್ ಬಿಟ್ಟ. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಗುಳುಗುಳು ಊದಿದ. ಮಲಗಿ ಹೊಟ್ಟೆಯ ಮೇಲೆ ನಿಘಂಟು ಇಟ್ಟುಕೊಂಡು ಉಸಿರು ಎಣಿಸಿದ. ನಿಘಂಟು ಪದೇ ಪದೇ ಜಾರಿ ಬೀಳುತ್ತಿದ್ದುದನ್ನು ಕಂಡ ಹೆಂಡತಿ ಜೊಲೀನ್, “ತೆಳು ಪುಸ್ತಕ ಇಟ್ಕೋ ಮಾರಾಯ, ಇಳಿಜಾರು ಜಾಸ್ತಿ ಇದೆ,” ಎಂದಳು.

ಮೇಳದಲ್ಲಿ ಹಾಡುವವರ ನಡುವೆ ಒಂದು ಒಪ್ಪಂದವಿರುತ್ತದೆ. ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಂಡರೆ ಹಾಡಿನಲ್ಲಿ ಗುಂಡಿ ಬೀಳುತ್ತದೆ. ಅದಕ್ಕೇ ಜೋಡಿ ಜೋಡಿಯಾಗಿ ಕೂತು, ಇವನು ಈ ಪದದ ನಂತರ, ಅವಳು ಆ ಪದದ ನಂತರ ಎಂದು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ವೆಂಡೆಲನ ಜೋಡಿ ಮಾರ್ಲಿಸ್. ಬಿದ್ದ ಮರುದಿನ ವೆಂಡೆಲ್ ರಬ್ಬರು ಹಿಡಿದು ತನ್ನ ಗುರುತುಗಳನ್ನೆಲ್ಲ ಉಜ್ಜಿ ಹಾಕಿದ. ಇವಳು ಉಸಿರೆಳೆಯುವ ತನಕ ತಾನೂ ಎಳೆಯುವುದಿಲ್ಲ ಎಂಬ ಹಟ. ಅಷ್ಟಕ್ಕೇ ಬಿಡದೆ ಹಾಳೆಯನ್ನು ಅವಳ ಮುಂದೆಯೇ ಹಿಡಿದ.

“ಇನ್ಮೇಲೆ ನಾನು ಎಲ್ಲೂ ನಿಲ್ಲಿಸಲ್ಲ. ನೋಡ್ಕೋ.”

ಮಾರ್ಲಿಸ್ ಹಾಳೆಯನ್ನು ನಿಧಾನವಾಗಿ ಓದಿ, ಆಗಲಿ ಎಂದು ನ್ಯಾಪ್‌ಕಿನ್ ಮಡಚಲು ಹೋದಳು.

ಶನಿವಾರ ಎರಡು ಬಸ್ಸು ತುಂಬ ಅಜ್ಜ ಅಜ್ಜಿಯರು ಬಂದರು. ಮಾಂಸ, ಆಲೂಗಡ್ಡೆ, ಪೈ ಎಲ್ಲ ಮುಗಿದು ಆಟ ಕೊನೆಯ ಕುಣಿತಕ್ಕೆ ಬಂತು. ವೆಂಡೆಲ್ ಓರೆಗಣ್ಣಿನಲ್ಲಿ ಅವಳ ಬಾಯಿಯನ್ನೇ ಕಾದ. ಅದು ನಗುನಗುತ್ತ ತೆರೆದೇ ಇತ್ತು, ಒಮ್ಮೆಯೂ ನಿಲ್ಲಲಿಲ್ಲ. ಅವನೂ ನಿಲ್ಲಿಸಲಿಲ್ಲ. ಯಾರಿಗೂ ಕಾಣದ ಹಾಗೆ ಮೂಗಿನಿಂದ ಚೂರುಪಾರು ಗಾಳಿ ಕದ್ದು ಎಳೆದ. ನಾಲ್ಕನೇ ನಿಮಿಷಕ್ಕೆ ಚುಕ್ಕಿಗಳು ಕಂಡವು, ಐದನೆಯದಕ್ಕೆ ಒಂದು ಎಂಜಿನ್ ಎರಡಾಯಿತು. ಕೊನೆಯ ಸ್ವರವನ್ನು ಮಾತ್ರ ಹನ್ನೆರಡು ಎಣಿಕೆಯೂ ಬಿಡದೆ ಹಿಡಿದು, ಸೂಟ್‌ಕೇಸಿನ ಮೇಲೆ ಕುಸಿದ. ಚಪ್ಪಾಳೆಯ ನಡುವೆ ಮುಂದಿನ ಮೇಜಿನ ಅಜ್ಜಿಯೊಬ್ಬರು, ಆ ಕೆಂಪು ಮುಖದವನಿಗೆ ಡಾಕ್ಟರನ್ನು ಕರೆಯಬೇಕೇ ಎಂದು ವಿಚಾರಿಸಿದರಂತೆ.

ತೀರ್ಪು ಪಾತ್ರೆ ತೊಳೆಯುವ ಜಾಗದಲ್ಲೇ ಬಂತು.

“ಮಾರ್ಲಿಸ್ ಮುಂದೆ,” ಎಂದಳು ಡಾರ್ಲೀನ್. “ವೆಂಡೆಲ್, ನೀನು ಸರಿಯಾಗಿ ಅವಳ ಬೆನ್ನ ಹಿಂದೆ. ನಿನ್ನ ಗಂಟಲು ಬೇಕು ನಂಗೆ. ಮುಖ ಬೇಡ. ಜನ ಊಟ ಮಾಡಿ ಕೂತಿರ್ತಾರೆ.”

ಡಾರ್ಲೀನ್ ಹೋದ ಮೇಲೆ ವೆಂಡೆಲ್ ಬಹಳ ಹೊತ್ತು ಒಂದೇ ಲೋಟ ಒರೆಸಿದ. ಹನ್ನೊಂದು ವರ್ಷದ ಹಲಗೆ ಹೋಗಿತ್ತು, ಇನ್ನು ಜಂಬ ಇಟ್ಟುಕೊಂಡು ಮಾಡುವುದೇನು? ಮೊದಲ ಬಾರಿಗೆ ನೆಟ್ಟಗೆ ಕೇಳಿದ.

“ಮಾರ್ಲಿಸ್, ನಿಜ ಹೇಳು. ಆರು ನಿಮಿಷ ನಿನ್ನ ಪಕ್ಕದಲ್ಲೇ ಇದ್ದೆ. ನೀನು ಉಸಿರು ತಗೊಳ್ಳೋದು ಯಾವಾಗ?”

ಮಾರ್ಲಿಸ್ ತಟ್ಟೆಗೆ ಅಂಟಿದ್ದ ಆಲೂಗಡ್ಡೆಯನ್ನು ಪೂರ್ತಿ ಕೆರೆದು ಹಾಕಿದಳು.

“ನೀನು ಹಾಡ್ತಿರೋವಾಗ.”