ನಲವತ್ತೆಂಟು ಗಂಟೆ ಕಾಯುವ ದಾಕ್ಷಾಯಣಿ

ಶುಕ್ರವಾರ ಬೆಳಿಗ್ಗೆ ಐದೂ ಮುಕ್ಕಾಲು. ಯಲಹಂಕದ ಮಹಿಳಾ ಪಿ.ಜಿ.ಯೊಂದರ ತಾರಸಿಯಲ್ಲಿ ದಾಕ್ಷಾಯಣಿ ನಲ್ಲಿಯ ಬಾಯಿಗೆ ಬೆಂಕಿ ಹಿಡಿದಿದ್ದಾರೆ. ಕಡ್ಡಿಗೆ ಸುತ್ತಿದ ಹತ್ತಿ, ಅದಕ್ಕೆ ಸ್ಪಿರಿಟ್. ನಲ್ಲಿಗೆ ಅಂಟಿದ ಸೂಕ್ಷ್ಮಜೀವಿಗಳು ಸುಟ್ಟುಹೋದ ಮೇಲೆ ಎರಡು ನಿಮಿಷ ನೀರು ಹರಿಯಬಿಟ್ಟು, ಆಮೇಲಷ್ಟೇ ಬಾಟಲಿ ಒಡ್ಡುತ್ತಾರೆ. ಕೆಳಗೆ ಸ್ಕೂಟರಿನ ಹಿಂಬದಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ಕಾಯುತ್ತಿರುವ, ಬಾಟಲಿ ಸಾಗಿಸುವ ಜಾಫರ್ ಹಾರ್ನ್ ಹೊಡೆಯುತ್ತಾರೆ.

"ಮೇಡಂ, ಮುಂದಿಂದು ಹೆಬ್ಬಾಳ. ಲೇಟಾದ್ರೆ ಫ್ಲೈಓವರ್ ಮೇಲೇ ತಿಂಡಿ ತಿನ್ಬೇಕಾಗುತ್ತೆ."

ಬಾಟಲಿ ತುಂಬಿ, ಮುಚ್ಚಳ ಬಿಗಿದು, ಹೊತ್ತು ಬರೆದ ಮೇಲೆಯೇ ಉತ್ತರ. "ತಿನ್ನೂಣಂತ. ಕೈ ತೊಳ್ಕೊಂಡು ಬಾ."

ಮೂವತ್ತೆರಡರ ದಾಕ್ಷಾಯಣಿ ಖಾಸಗಿ ನೀರು ಪರೀಕ್ಷಾ ಕೇಂದ್ರವೊಂದರ ಗುತ್ತಿಗೆ ನೌಕರರು. ಗದಗದ ಕಡೆಯವರು, ಬಿ.ಎಸ್ಸಿ. ಓದಿದ್ದಾರೆ. ಏಳು ವರ್ಷದಿಂದ ಅವ್ವ ಈರವ್ವನ ಜೊತೆ ಅಟ್ಟೂರಿನ ಬಾಡಿಗೆ ಮನೆಯಲ್ಲಿದ್ದಾರೆ. ದಿನಕ್ಕೆ ಹದಿನೆಂಟರಿಂದ ಇಪ್ಪತ್ತೆರಡು ಬಾಟಲಿ. ಪ್ರತಿ ಬಾಟಲಿಯೊಳಗೂ ಔಷಧ ಸವರಿದ ಒಂದು ಕಾಗದವಿರುತ್ತದೆ. ನೀರಿಗೆ ಚರಂಡಿ ಸೇರಿದ್ದರೆ ಅದು ಕಪ್ಪಾಗುತ್ತದೆ. ಕೆಲವು ಹನ್ನೆರಡು ಗಂಟೆಯಲ್ಲೇ ಕಪ್ಪಾಗುತ್ತವೆ, ಕೆಲವು ಎರಡನೇ ದಿನ. ಹಾಗಾಗಿ ನಲವತ್ತೆಂಟು ಗಂಟೆ ಕಾದು, ಆಮೇಲೆ ಕುಡಿಯಲು ಯೋಗ್ಯ ಎಂದು ಸಹಿ ಹಾಕಬೇಕು. ಆ ಸಹಿ ದಾಕ್ಷಾಯಣಿಯದು. ನೀರು ಕುಡಿಯುವವರು ಅವರನ್ನು ನೋಡಿರುವುದೇ ಇಲ್ಲ.

ಈಗ ಇಕ್ಕಟ್ಟು ಬಂದಿರುವುದು ಈ ಕಾಯುವುದರಿಂದಲೇ. ಟ್ಯಾಂಕರಿನವರಿಗೂ ಪಿ.ಜಿ.ಯವರಿಗೂ ಅದೇ ದಿನ ಸಂಜೆ ವರದಿ ಬೇಕು. ಹಾಗೆ ಕೊಡುವವರು ಹುಟ್ಟಿಕೊಂಡಿದ್ದಾರೆ, ಗಿರಾಕಿಗಳು ಅತ್ತ ಸರಿಯುತ್ತಿದ್ದಾರೆ. ಕೇಂದ್ರದ ಮಾಲೀಕ ರಾಮಕೃಷ್ಣಪ್ಪ ಯಲಹಂಕದ ಹಳೇ ಊರಿನವರು, ಕೆಟ್ಟವರೇನಲ್ಲ. ಕಳೆದ ವಾರ ಅವರು ನಾಲ್ವರು ಗುತ್ತಿಗೆ ನೌಕರರಿಗೂ ಒಂದೊಂದು ಪತ್ರ ಕೊಟ್ಟಿದ್ದಾರೆ. ಸಂಜೆಯೊಳಗೆ ಬಣ್ಣ ಬದಲಾಗದಿದ್ದರೆ ಅಂದೇ ಯೋಗ್ಯವೆಂದು ಬರೆಯಲು ಒಪ್ಪಿದ್ದೇನೆ ಎಂಬುದು ಅದರ ಸಾರ. ಶನಿವಾರದೊಳಗೆ ಸಹಿ ಮಾಡಿ ಕೊಡಬೇಕು, ಸೋಮವಾರ ಗುತ್ತಿಗೆ ನವೀಕರಣವಾದವರ ಪಟ್ಟಿ. ಮೂವರು ಕೊಟ್ಟಾಗಿದೆ.

"ನಾನೇನ್ ವಿಷ ಕುಡ್ಸಿ ಅಂದ್ನಾ?" ಎನ್ನುತ್ತಾರೆ ರಾಮಕೃಷ್ಣಪ್ಪ. "ಆಮೇಲೆ ಕಪ್ಪಾದ್ರೆ ಫೋನ್ ಮಾಡಿ ಹೇಳಾಣ. ಇಂಗೇ ಎರಡೆರಡು ದಿನ ಕಾಯ್ಕೊಂಡು ಕೂತ್ರೆ ಬಾಗ್ಲು ಹಾಕ್ಕೊಂಡು ಹೋಗ್ಬೇಕು ಕಣಮ್ಮ. ಆಗ ನಿನ್ ಸಹಿ ಯಾರಿಗ್ ಬೇಕು?"

ದಾಕ್ಷಾಯಣಿಗೆ ಏಪ್ರಿಲ್ ತಿಂಗಳ ಒಂದು ಬಾಟಲಿ ನೆನಪಿದೆ. ಮೂವತ್ತಾರು ಹುಡುಗಿಯರಿರುವ ಮನೆ, ಹೊಸದಾಗಿ ತೊಳೆಸಿದ ಸಂಪು. ವರದಿ ಬರುವವರೆಗೆ ಎಲ್ಲರೂ ಕ್ಯಾನ್ ನೀರು ಕುಡಿಯುತ್ತಿದ್ದರು. ಮೊದಲ ದಿನ ಪೂರ್ತಿ ತಿಳಿಯಾಗಿದ್ದ ನೀರು ನಲವತ್ತೊಂದನೇ ಗಂಟೆಗೆ ಕಪ್ಪಾಯಿತು. "ಅವತ್ತ ಸಂಜಿಗೆ ಬರ್ಕೊಟ್ಟಿದ್ರ ಕ್ಯಾನ್ ನಿಲ್ಲಿಸಿ ಇದನ್ನ ಕುಡೀತಿದ್ರು. ಆಮ್ಯಾಲ ಫೋನ್ ಮಾಡಿದ್ರ, ಕುಡದದ್ದು ಹೊರಗ ಬರ್ತದೇನ್ರಿ?"

ಮನೆಯಲ್ಲಿ ಇನ್ನೂ ಬಿಗಿ. ಈರವ್ವ ಊರಿಗೆ ಹೋಗಿ ಮನೆದೇವರು ವೀರಭದ್ರನಲ್ಲಿ ಹೂ ಕೇಳಿ ಬಂದಿದ್ದಾರೆ. ಒದ್ದೆ ಹೂಗಳನ್ನು ದೇವರ ಎರಡೂ ಭುಜಕ್ಕೆ ಅಂಟಿಸಿ ಮನಸ್ಸಿನಲ್ಲಿರುವುದನ್ನು ಕೇಳುವುದು. ಬಲಗಡೆಯದು ಮೊದಲು ಬಿದ್ದರೆ ದೇವರು ಹೂಂ ಎಂದ ಹಾಗೆ. ಬಲಗಡೆಯದೇ ಬಿದ್ದಿದೆ.

"ದೇವರು ಹೂಂ ಅಂದಾನ. ಸುಮ್ನ ಸಹಿ ಹಾಕು," ಎನ್ನುತ್ತಾರೆ ಈರವ್ವ, ರೊಟ್ಟಿ ಬಡಿಯುತ್ತ.

"ಏನಂತ ಕೇಳಿದಿ ಅವ್ವಾ?"

"ಮಗಳ ನೌಕರಿ ಉಳೀತದೇನಪಾ ಅಂತ."

"ಸಹಿ ಹಾಕ್ಲೇನು ಅಂತ ಕೇಳಿದೇನು?"

"ಅದನ್ನೇನ್ ಬ್ಯಾರೆ ಕೇಳೂದು? ಹಾಕಿದ್ರ ತಾನ ಉಳಿಯೂದು."

"ಅದು ರಾಮಕೃಷ್ಣಪ್ಪಾರ ಮಾತು. ದೇವರು ಉಳೀತದ ಅಂದಾನ, ಅಷ್ಟ. ಅವನ ಉಳೀತದ ಅಂದ ಮ್ಯಾಲ ನಾ ಯಾಕ ಹೆದರಿ ಸಹಿ ಹಾಕ್ಲಿ?"

ಈರವ್ವ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರುತ್ತಾರೆ. "ನಿನಗ ಬಿ.ಎಸ್ಸಿ. ಓದಸಬಾರದಿತ್ತು."

ಜಾಫರ್‌ಗೂ ದೇವರ ಮಾತು ನಂಬಿ ಕೂರುವುದು ಸರಿಕಾಣುವುದಿಲ್ಲ. ಶುಕ್ರವಾರ ಸ್ಕೂಟರ್ ಹೊರಡಿಸುವ ಮುಂಚೆ ಹೇಳುತ್ತಾರೆ: "ದೇವ್ರಿಗೆ ಬಿಡಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಸೋಮವಾರ ಗೋಡೆಗೆ ಲಿಸ್ಟ್ ಅಂಟಿಸೋದು ದೇವ್ರಲ್ಲ."

"ಗೊತ್ತೈತಿ, ಗಾಡಿ ಬಿಡು," ಎನ್ನುತ್ತಾರೆ ದಾಕ್ಷಾಯಣಿ. ಪತ್ರ ಚೀಲದಲ್ಲೇ ಇದೆ. ಹೆಬ್ಬಾಳ ಮುಟ್ಟುವುದರೊಳಗೆ ಎರಡು ಸಲ ಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ.

ಶನಿವಾರ ಸಂಜೆ ಐದು ಗಂಟೆಗೆ ಪತ್ರ ರಾಮಕೃಷ್ಣಪ್ಪನವರ ಮೇಜಿಗೆ ಬರುತ್ತದೆ. ಸಹಿಯ ಜಾಗ ಖಾಲಿ. ಅವರು ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡುತ್ತಾರೆ.

"ಮರ್ತೋಯ್ತಾ?"

"ಇಲ್ಲ ಸರ್. ಹಾಕಿಲ್ಲ."

ಕನ್ನಡಕ ತೆಗೆದು ಒರೆಸುತ್ತಾರೆ. ಬೈಯುವುದಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತೇನೋ. "ಸೋಮವಾರ ಎಂಟಕ್ಕೆ ಲಿಸ್ಟ್ ಹಾಕ್ತೀನಿ. ಬಂದು ನೋಡ್ಕೊ."

ಹೊರಗೆ ಮೆಟ್ಟಿಲ ಮೇಲೆ ಕೂತು ದಾಕ್ಷಾಯಣಿ ಚಪ್ಪಲಿಯ ಪಟ್ಟಿ ಸಿಕ್ಕಿಸಿಕೊಳ್ಳುತ್ತಾರೆ. ಬೇರೆ ಕಡೆ ಕೆಲಸ ಕೇಳಿಟ್ಟಿಲ್ಲ. ಹಾಗಾದರೆ ಸೋಮವಾರ ಏನಾಗಬೇಕೆಂದು ಆಸೆ?

"ದೊಡ್ಡದೇನಿಲ್ರಿ. ನನ್ನ ಹೆಸರು ಇರಲಿಲ್ಲಂದ್ರೂ, ಇವತ್ತ ಇಟ್ಟ ಹತ್ತೊಂಬತ್ತು ಬಾಟ್ಲಿ ಯಾರಾರ ಪೂರ್ತಿ ಕಾದು ನೋಡ್ಬೇಕು. ವೀರಭದ್ರಗ ಅಷ್ಟ ಕೇಳ್ಕೊಂಡೀನಿ."

ಹೆದರಿಕೆಯಿಲ್ಲವೇ ಎಂದರೆ ಬಚ್ಚಿಡುವುದಿಲ್ಲ. "ಐತ್ರಿ, ಭಾಳ ಐತಿ. ನಾಕ್ ದಿನ ಆತು ನಿದ್ದಿ ಇಲ್ಲ." ಎದ್ದು ಸೆರಗು ಕೊಡವಿಕೊಳ್ಳುತ್ತಾರೆ. "ಆದ್ರ ಹೆದರಿಕಿ ಆಗೇದ ಅಂತ ದೇವರ ಮುಂದ ಹೇಳೀನಿ. ರಾಮಕೃಷ್ಣಪ್ಪಾರ ಮುಂದ ಹೇಳಿಲ್ಲ."