ಗೆದ್ದವನ ಹೆಸರು ಗೆರೆಯಾದದ್ದು

ಕೆಟ್ಟ ಟಿ.ವಿ.ಗೆ ಮೊದಲು ನಾಲ್ಕು ಬಿಗಿದು, ಆಮೇಲೆ ರಿಪೇರಿಯವನನ್ನು ಕರೆಯುವುದು ನಮ್ಮ ರಾಮನಗರದ ಕ್ರಮ. ನನ್ನ ವಿಡಿಯೋ ಗೇಮ್ ಅಂಗಡಿಯಲ್ಲಿ ಸರಿಯಾಗಿರುವ ಯಂತ್ರಕ್ಕೂ ಏಟು ಬೀಳುತ್ತಿತ್ತು. ಗೆದ್ದವರು ಉಳುವ ಎತ್ತಿನ ಬೆನ್ನು ತಟ್ಟುವ ಹಾಗೆ ಆ ಯಂತ್ರದ ಮರದ ಪೆಟ್ಟಿಗೆಯ ಬೆನ್ನು ತಟ್ಟುತ್ತಿದ್ದರು. ಬೇಡವೆನ್ನಲು ನನಗೆ ಧೈರ್ಯವಿರಲಿಲ್ಲ, ಗಿರಾಕಿ ಹೋದರೇನು ಗತಿ?

ಅದು ಬಿಡದಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅಂಗಡಿಯ ಮಾಲೀಕನೂ ನಾನೇ, ಮೆಕ್ಯಾನಿಕ್ಕೂ ನಾನೇ. ಆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅಷ್ಟಾಗಿ ನಂಬಿಕೆಯಿರಲಿಲ್ಲ. ಬಿಡದಿಗೆ ಕೆಲಸಕ್ಕೆ ಹೋಗುವ ಶಿವಣ್ಣ ಬೆಳಿಗ್ಗೆ ಒಂದು ಆಟವಾಡಿ, ಹೆಚ್ಚು ಅಂಕ ಪಡೆದವರ ಪಟ್ಟಿಯ ತುದಿಯಲ್ಲಿ ತನ್ನ ಹೆಸರು ಕೂರಿಸಿ ರೈಲು ಹತ್ತುತ್ತಿದ್ದ. ರೇಷ್ಮೆ ನೂಲು ತೆಗೆಯುವ ಬಾಷಾ ಅದನ್ನು ದಿನವಿಡೀ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದ. ದಿನಾ ಸಂಜೆ ಆರಕ್ಕೆ ಕರೆಂಟ್ ಹೋಗಿ ಪಟ್ಟಿಯೆಲ್ಲ ಅಳಿಸಿಹೋಗುತ್ತಿತ್ತು. ದೊಡ್ಡ ದೊಡ್ಡವರ ಕೀರ್ತಿಯೂ ಹೆಚ್ಚುಕಡಿಮೆ ಹೀಗೆಯೇ, ಅವರ ಊರಿನಲ್ಲಿ ಕರೆಂಟ್ ಒಸಿ ತಡವಾಗಿ ಹೋಗುತ್ತದೆ, ಅಷ್ಟೆ.

ಒಂದು ಮಧ್ಯಾಹ್ನ ಬಾಷಾ ಶಿವಣ್ಣನನ್ನು ಮೀರಿಸಿಬಿಟ್ಟ. ಹೆಸರು ಮೇಲೇರಿದ್ದೇ ತಡ, ಖುಷಿಯಲ್ಲಿ ಪೆಟ್ಟಿಗೆಗೆ ಒಂದು ಕೊಟ್ಟ. ಪರದೆಯ ಚಿತ್ರವೆಲ್ಲ ಕುಗ್ಗಿ, ನಡುವೆ ಒಂದು ಬಿಳಿ ಗೆರೆಯಾಗಿ ನಿಂತಿತು.

"ಅಣ್ಣಾ, ನನ್ ಹೆಸ್ರೆಲ್ಲಿ?"

"ಆ ಗೆರೆಯೊಳಗೇ ಐತೆ ಕಣೋ" ಎಂದೆ. ಸುಳ್ಳೇನಲ್ಲ. ಆಟದ ಬೋರ್ಡು ಬೇರೆ, ಚಿತ್ರ ಮೂಡಿಸುವ ಬೋರ್ಡು ಬೇರೆ. ಮೊದಲನೆಯದನ್ನು ಆರಿಸದೆ ಎರಡನೆಯದನ್ನು ಬಿಚ್ಚಿದರೆ ಹೆಸರು ಉಳಿಯುತ್ತದೆ.

"ಶಿವಣ್ಣ ಬರಾಗಂಟ ಉಳ್ಸು ಅಣ್ಣಾ. ಬಾಯಲ್ಲೇಳಿದ್ರೆ ಅವ್ನು ನಂಬಾಕಿಲ್ಲ" ಎಂದು ಬಾಷಾ ಕುರ್ಚಿಯ ತುದಿಯಲ್ಲಿ ಕೂತ. ಮಗನ ಆಪರೇಷನ್ನಿಗೆ ಕೂತ ತಂದೆಯೂ ಅಷ್ಟು ಬೆವರುವುದಿಲ್ಲ.

ಬೋರ್ಡು ಹೊರತೆಗೆದು ಬೆಳಕಿಗೆ ಹಿಡಿದೆ. ಚಿತ್ರವನ್ನು ಮೇಲೆ ಕೆಳಗೆ ಹಿಗ್ಗಿಸುವ ಐಸಿಯ ಕಾಲಿನ ಸುತ್ತ ಬೆಸುಗೆ ಬಿರುಕು ಬಿಟ್ಟಿತ್ತು. ಇಷ್ಟು ದಿನ ಗೆದ್ದವರೆಲ್ಲ ತಟ್ಟಿ ತಟ್ಟಿ ಬಿಟ್ಟ ಬಿರುಕು. ಅದರಲ್ಲಿ ಶಿವಣ್ಣನ ಪಾಲೇ ದೊಡ್ಡದು. ಹೊಸ ಬೆಸುಗೆ ಹಾಕಿ, ಬೋರ್ಡನ್ನು ಕೂರಿಸಿ, ಅದರಿಂದ ಪರದೆಗೆ ಹೋಗುವ ತಂತಿಗಳ ಪ್ಲಗ್ಗು ಎಂದೋ ಮುರಿದಿದ್ದರಿಂದ ಆ ಎರಡು ತಂತಿಗಳನ್ನು ಅವಸರದಲ್ಲಿ ತಿರುಚಿ ಟೇಪು ಸುತ್ತಿದೆ. ಆರು ಗಂಟೆಗೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಚಿತ್ರ ಬಂತು, ತಲೆಕೆಳಗಾಗಿ. ತಂತಿಗಳು ಅದಲುಬದಲಾಗಿದ್ದವು.

ಆಗಲೇ ರೈಲಿಳಿದ ಶಿವಣ್ಣ ಒಳಗೆ ಬಂದ. ಬಾಷಾನ ಹೆಸರು ಎಲ್ಲಕ್ಕಿಂತ ಕೆಳಗಿತ್ತು.

"ಏನ್ಲಾ ಬಾಷಾ, ತಳದಲ್ಲಿ ಕುಂತಿದ್ದೀಯ" ಎಂದು ನಕ್ಕ. ಬಾಷಾ ನನ್ನ ಮುಖ ನೋಡಿದ. ನನಗೆ ಅವನ ಬಗ್ಗೆ ನಿಜವಾಗಿ ದುಃಖವಾಯಿತು.

ಅಕ್ಷರಗಳೂ ತಲೆಕೆಳಗಾಗಿರುವುದು ಕಂಡು ಶಿವಣ್ಣನಿಗೇ ಏನೋ ಅನುಮಾನ ಬಂತು. ಪರದೆಗೆ ಬೆನ್ನು ಮಾಡಿ ನಿಂತು, ಸೊಂಟ ಬಗ್ಗಿಸಿ, ಕಾಲುಗಳ ನಡುವಿನಿಂದ ತಲೆ ತೂರಿಸಿ ನೋಡಿದ. ಯಾರಿಗೂ ಸೋತೆನೆಂದು ಒಪ್ಪದ ಮನುಷ್ಯ ಆ ಭಂಗಿಯಲ್ಲೇ ಬಹಳ ಹೊತ್ತು ಇದ್ದ.

"ಒಪ್ದೆ ಕಣ್ಲಾ" ಎಂದ ಕೊನೆಗೆ.

ಬಾಷಾ ಹಿಗ್ಗಿ ಪೆಟ್ಟಿಗೆಯತ್ತ ಕೈ ಎತ್ತಿದ. ಶಿವಣ್ಣ ಥಟ್ಟನೆ ಎದ್ದು ಆ ಕೈ ಹಿಡಿದುಕೊಂಡು, ತನ್ನ ಬೆನ್ನು ಒಡ್ಡಿದ.

"ಅದುಕ್ ಹೊಡೀಬ್ಯಾಡ. ಇಲ್ಲಿ ಹೊಡಿ."

ಆ ಏಟಿನ ಸದ್ದಿನ ಜೊತೆಗೇ ಕರೆಂಟ್ ಹೋಯಿತು. ಪಟ್ಟಿಯ ನೆನಪು ಯಾರಿಗೂ ಬರಲಿಲ್ಲ.